ಒಂದು ಉಸಿರಿಗೆ ಎಷ್ಟು ಪದ

ಫೆಬ್ರವರಿ 3, ಸೋಮವಾರ

ಮಷಿನ್ ಮನೆಗೆ ಬಂತು. ಬೀರುವಿನಷ್ಟು ದೊಡ್ಡದಿರಬೇಕು ಎಂದುಕೊಂಡು ಮಂಚವನ್ನೆಲ್ಲ ಸರಿಸಿ ಜಾಗ ಮಾಡಿದ್ದೆ, ನೋಡಿದರೆ ಮೊಣಕಾಲೆತ್ತರ. ಕೆಳಗೆ ನಾಲ್ಕು ಗಾಲಿ, ಎದುರಿಗೆ ಒಂದು ಗಾಜಿನ ಕೊಳವೆ, ಅದರೊಳಗೆ ಒಂದು ಪುಟ್ಟ ಗುಂಡು. ಪಕ್ಕದ ತಿರುಪು ತಿರುಗಿಸಿದರೆ ಗುಂಡು ಮೇಲೇರುತ್ತದೆ. ತಂದವನು ಅದನ್ನು ಒಂದು ಎಂಬ ಗೆರೆಯ ಮೇಲೆ ನಿಲ್ಲಿಸಿದ.

"ಇದು ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುತ್ತಮ್ಮ. ಡಾಕ್ಟರು ನಿಮಿಷಕ್ಕೆ ಒಂದು ಲೀಟರ್ ಅಂತ ಬರೆದಿದ್ದಾರೆ. ಒಂದೇ."

"ಐದರವರೆಗೂ ಗೆರೆ ಇದೆಯಲ್ಲಪ್ಪ?"

"ಸ್ಕೂಟರಲ್ಲಿ ನೂರರವರೆಗೂ ಗೆರೆ ಇರುತ್ತೆ. ಓಡಿಸ್ತೀರಾ?"

ಚುರುಕಾದ ಮನುಷ್ಯ. ನನ್ನ ಬಟ್ಟೆ ಅಂಗಡಿಯಲ್ಲಿದ್ದಿದ್ದರೆ ಒಳ್ಳೆ ವ್ಯಾಪಾರ ಕುದುರಿಸುತ್ತಿದ್ದ.

ಗೋಡೆಗೆ ತೂಗುಹಾಕಲು ಎದೆಯ ಡಾಕ್ಟರಮ್ಮ ಒಂದು ಪಟ್ಟಿ ಕೊಟ್ಟಿದ್ದಾರೆ. ಬೆಳಿಗ್ಗೆ ಸಂಜೆ ನಮ್ಮ ಯಜಮಾನರ ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದನ್ನು ಸಿಕ್ಕಿಸಿ, ಅದು ತೋರಿಸಿದ ಅಂಕಿ ಬರೆಯಬೇಕು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅದು ಹೇಳುತ್ತದಂತೆ. "ಇವರಿಗೆ ಎಂಬತ್ತೆಂಟರಿಂದ ತೊಂಬತ್ತೆರಡರ ಒಳಗಿದ್ದರೆ ಸಾಕು" ಎಂದಿದ್ದಾರೆ. ಅಂಕಿ ಪಟ್ಟಿಗೆ, ಮಿಕ್ಕಿದ್ದು ಈ ಡೈರಿಗೆ. ನೂಲಿನ ಕಂಪನಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಗಳು ಅಟ್ಟದ ಮೇಲೆ ಹದಿನೇಳು ಕೂತಿವೆ. ಒಂದರಲ್ಲೂ ಒಂದಕ್ಷರ ಬರೆದವಳಲ್ಲ. ಬಾಯಿ ಇರುವಾಗ ಪೆನ್ನು ಯಾಕೆ? ಆದರೆ ಇವರ ಕಾಯಿಲೆಯ ಬಗ್ಗೆ ಯಾರ ಹತ್ತಿರ ಮಾತೆತ್ತಿದರೂ ಅವರು ನನಗೇ ಸಮಾಧಾನ ಹೇಳಲು ಶುರುಹಚ್ಚುತ್ತಾರೆ. ಕಾಗದ ಸಮಾಧಾನ ಹೇಳುವುದಿಲ್ಲ.

ಫೆಬ್ರವರಿ 5, ಬುಧವಾರ

ಇವರು ಮಾತಾಡುವುದೇ ಕಡಿಮೆ. ಈಗ ಉಸಿರೂ ಕಡಿಮೆ. ಎರಡೂ ಸೇರಿ ಮನೆಯಲ್ಲಿ ನನ್ನದೊಂದೇ ಬಾನುಲಿ.

ಮೂವತ್ತು ವರ್ಷ ಹತ್ತಿ ಹಿಂಜಿ ಹಾಸಿಗೆ ತುಂಬಿದವರು. ದೂಳು ಹೊರಗಿನಿಂದ, ಸಿಗರೇಟು ಒಳಗಿನಿಂದ, ಎರಡು ಕಡೆಯಿಂದಲೂ ಎದೆಯನ್ನು ತಿಂದವು. ನಾನು ಅದೇ ಬೀದಿಯ ಪಾದಚಾರಿ ದಾರಿಯಲ್ಲಿ ಚಾಪೆ ಹಾಸಿಕೊಂಡು ತುಂಡು ಬಟ್ಟೆ ಮಾರುತ್ತಿದ್ದವಳು. ಈಗ ಎರಡು ಬಾಗಿಲಿನ ಅಂಗಡಿ. ಬಾಯಿಂದಲೇ ಕಟ್ಟಿದ್ದು. ಇವರು ನನ್ನನ್ನು "ಸಾವ್ಕಾರ್ತಿ" ಎನ್ನುತ್ತಾರೆ. ಹೊಗಳಿಕೆಯೋ ತಮಾಷೆಯೋ, ಇಪ್ಪತ್ತೆಂಟು ವರ್ಷದಲ್ಲಿ ಬಿಡಿಸಿ ಹೇಳಿಲ್ಲ.

ಇವತ್ತು ಬೆಳಿಗ್ಗೆ "ನೀರು..." ಎಂದರು. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಬಿಸಿನೀರು ತಂದಿಟ್ಟೆ. ತಲೆ ಅಲ್ಲಾಡಿಸಿ ಮತ್ತೆ "ನೀರು..." ಎಂದರು. ತಣ್ಣೀರು ತಂದಿಟ್ಟೆ. "ಅಲ್ಲ, ನೀರು..." ಎಂದರು. ಗೊತ್ತಾಯಿತು ಬಿಡಿ, ಮುಖ ತೊಳೆಯಬೇಕು ಎಂದು ತಟ್ಟೆ, ಟವೆಲು ಎಲ್ಲ ತಂದೆ. ಆಮೇಲೆ ಕೆಳಗಿನ ಮನೆಯಾಕೆ ಬಾಗಿಲು ಬಡಿದಳು. ಮಹಡಿಯ ಮೇಲೆ ಟ್ಯಾಂಕು ತುಂಬಿ ಅವಳ ಒಣಹಾಕಿದ ಬಟ್ಟೆಯ ಮೇಲೆ ಧಾರೆ ಸುರಿಯುತ್ತಿತ್ತು.

ಇವರು ಮುಖಕ್ಕೆ ಟವೆಲು ಹಿಡಿದುಕೊಂಡು ನಕ್ಕರು. ನಗುವೂ ಉಸಿರಿನ ಖರ್ಚೇ. ನಕ್ಕದ್ದಕ್ಕೆ ಹತ್ತು ನಿಮಿಷ ಕೆಮ್ಮಿದರು.

ಫೆಬ್ರವರಿ 8, ಶನಿವಾರ

ಅಂಗಡಿಗೆ ಹೋದಾಗ ಮನೆಯಲ್ಲಿ ನಾದಿನಿ ಇರುತ್ತಾಳೆ. ಐವತ್ತಾದರೂ ಇವರ ಬಾಯಲ್ಲಿ ಇನ್ನೂ "ಪುಟ್ಟಿ". ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ಸೀಸೆ ತೊಳೆದು, ಒರೆಸಿ, ಜೋಡಿಸಿ ಅವಧಿಗೆ ಮುಂಚೆಯೇ ನಿವೃತ್ತಳಾದವಳು. ಸೀಸೆಯಂತೆಯೇ ನಡೆಯುತ್ತಾಳೆ, ತಗುಲಿದರೆ ಒಡೆಯುತ್ತೇನೋ ಎಂಬ ಹಾಗೆ.

ಇವತ್ತು ಇವರು ಅವಳ ಮೇಲೆ ರೇಗಿದರಂತೆ. ಅನ್ನ ಎರಡನೇ ಸಲ ಬಡಿಸಲು ತಡವಾಯಿತು ಎಂದು! ಹಸಿವು ಎಂಬ ಪದವನ್ನು ಇವರ ಬಾಯಲ್ಲಿ ನಾನು ಕೇಳಿದ್ದೇ ಅಪರೂಪ. ಈಗ ದಿನಕ್ಕೆ ನಾಲ್ಕು ಸಲ ಊಟ, ಮುಖ ಹುಣ್ಣಿಮೆಯ ಚಂದ್ರ, ಸಿಟ್ಟು ಮೂಗಿನ ತುದಿಯಲ್ಲಿ.

"ಅದು ಅಣ್ಣ ಅಲ್ಲ ಅತ್ತಿಗೆ, ಮಾತ್ರೆ" ಎಂದಳು ಪುಟ್ಟಿ. ಒಂದೂವರೆ ತಿಂಗಳಿಂದ ಕೊಡುತ್ತಿರುವ ಆ ಸಣ್ಣ ಬಿಳಿ ಮಾತ್ರೆ, ಸ್ಟಿರಾಯ್ಡು. ನಮ್ಮ ದೇಹವೇ ಅಂಥದ್ದನ್ನು ತಯಾರಿಸುತ್ತದಂತೆ, ಮೂತ್ರಪಿಂಡದ ತಲೆಯ ಮೇಲೆ ಟೋಪಿಯ ಹಾಗೆ ಕೂತ ಒಂದು ಗ್ರಂಥಿ. ಅದು ಬಿಡುವುದೇ ಹಾರ್ಮೋನು. "ಗ್ರಂಥಿ ರಕ್ತದಲ್ಲಿ ಒಂದು ಚೀಟಿ ತೇಲಿಬಿಟ್ಟ ಹಾಗೆ ಅತ್ತಿಗೆ. ಎಲ್ಲರ ಮನೆ ಮುಂದೆಯೂ ಹೋಗುತ್ತೆ. ಓದೋಕೆ ಬರೋರು ಮಾತ್ರ ಬಾಗಿಲು ತೆಗೀತಾರೆ."

"ಹಾಗಾದ್ರೆ ನನಗೆ ದಿನಕ್ಕೆ ಐದು ಸಲ ಮೈಗೆ ಬೆಂಕಿ ಬೀಳುತ್ತಲ್ಲ, ಅದ್ಯಾರ ಚೀಟಿ?"

"ಅದು ಚೀಟಿ ಬರೋದು ನಿಂತಿದ್ದಕ್ಕೆ."

ಮುಟ್ಟಿನ ಲೆಕ್ಕ ಮುಗಿದ ಮೇಲೆ ನನಗೆ ಈ ಕಾಟ. ಕುತ್ತಿಗೆಯಿಂದ ಶುರುವಾಗಿ ಕಿವಿಯವರೆಗೂ ಉರಿ. ಆಗ ಫ್ಯಾನಿನ ಮುಂದೆ ನಿಲ್ಲಬೇಕು. ಇವರಿಗೆ ಉಸಿರು ಕಟ್ಟಿದಾಗಲೂ ಮುಖಕ್ಕೆ ಗಾಳಿ ಬೀಸಿದರೆ ಸ್ವಲ್ಪ ಹಾಯೆನಿಸುತ್ತದೆ. ಇರುವುದೊಂದು ಮೇಜಿನ ಫ್ಯಾನು. ಕೊನೆಗೆ ಮಂಚದ ಅಂಚಿನಲ್ಲಿ ಇಬ್ಬರೂ ಒತ್ತಾಗಿ ಕೂತೆವು, ಬಸ್ಸಿನ ಕಿಟಕಿಗೆ ಜಗಳವಾಡಿ ರಾಜಿಯಾದವರ ಹಾಗೆ.

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ಎಂಬತ್ತೊಂಬತ್ತು. ನಿನ್ನೆ ಎಂಬತ್ತೊಂಬತ್ತು. ಮೊನ್ನೆ ಎಂಬತ್ತೆಂಟು.

ನನಗೆ ಈ ಅಂಕಿ ಒಗ್ಗುತ್ತಿಲ್ಲ. ನನ್ನ ಬೆರಳಿಗೆ ಸಿಕ್ಕಿಸಿದರೆ ತೊಂಬತ್ತೆಂಟು ತೋರಿಸುತ್ತದೆ. ಪುಟ್ಟಿಗೆ ತೊಂಬತ್ತೇಳು. ಕಟ್ಟಿಕೊಂಡ ಗಂಡನಿಗೆ ಮಾತ್ರ ಕಡಿಮೆ ಅಳತೆಯೇ?

ಅಂಗಡಿಯಲ್ಲಿ ಒಂದು ಮೀಟರ್ ಕೇಳಿದವರಿಗೆ ನಾನು ಒಂದೇ ಮೀಟರ್ ಕತ್ತರಿಸಿದ್ದಿಲ್ಲ. ಗುರುತಿನಿಂದ ನಾಲ್ಕು ಬೆರಳು ಆಚೆಗೆ ಕತ್ತರಿ ಹಾಕುತ್ತೇನೆ. ಕೊಸರು. ಕೇಳದೆ ಕೊಟ್ಟ ಕೊಸರಿನಿಂದಲೇ ನನ್ನ ಗಿರಾಕಿಗಳು ಇಪ್ಪತ್ತು ವರ್ಷ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಡಾಕ್ಟರಮ್ಮನೂ ಜಿಪುಣರ ಜಾತಿಯವರೇ ಇರಬೇಕು ಎನಿಸಿತು. ಐದು ಗೆರೆ ಇರುವ ಮಷಿನ್ನಿನಲ್ಲಿ ಒಂದು ಗೆರೆ ಬರೆಯುವುದೆಂದರೇನು?

ಇವರು ಕಣ್ಣು ಮುಚ್ಚಿಕೊಂಡಿದ್ದಾಗ ತಿರುಪು ತಿರುಗಿಸಿದೆ. ಗುಂಡು ಎರಡಕ್ಕೆ. ಅರ್ಧ ಗಂಟೆ ಬಿಟ್ಟು ಮೂರಕ್ಕೆ. ಸಂಜೆ ಅಂಕಿ ತೊಂಬತ್ತೈದು!

ಪಟ್ಟಿಯಲ್ಲಿ ಮಾತ್ರ ತೊಂಬತ್ತೊಂದು ಎಂದು ಬರೆದೆ. ನಿಜ ಇಲ್ಲಿರಲಿ.

ಫೆಬ್ರವರಿ 12, ಬುಧವಾರ

ತೊಂಬತ್ತೇಳು. ಕೆನ್ನೆಗೆ ಬಣ್ಣ ಬಂದಿದೆ. ಯಾವಾಗಲೂ ತಣ್ಣಗಿರುವ ಕೈ ಬೆಚ್ಚಗಿದೆ. ಹಗಲೂ ನಿದ್ದೆ ಮಾಡುತ್ತಿದ್ದಾರೆ, ಸಿಟ್ಟಿಲ್ಲ, ಸಿಡುಕಿಲ್ಲ. ಖುಷಿಗೆ ಅಂಗಡಿಯಲ್ಲಿ ಎಲ್ಲರಿಗೂ ನಾಲ್ಕರ ಬದಲು ಐದು ಬೆರಳು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ತಲೆನೋವು ಎಂದರು. ಮಲಗಿ ಮಲಗಿ ಬಂದದ್ದಿರಬೇಕು. ತುತ್ತು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸಿದರು. ಲೋಟ ಹಿಡಿದಾಗ ಮಣಿಕಟ್ಟು ಹಕ್ಕಿಯ ರೆಕ್ಕೆಯ ಹಾಗೆ ಪಟಪಟ ಎಂದಿತು. ಎಷ್ಟು ತಿಂಗಳ ನಿದ್ದೆ ಬಾಕಿಯೋ, ತೀರಿಸಿಕೊಳ್ಳಲಿ.

ಫೆಬ್ರವರಿ 16, ಭಾನುವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಶುಕ್ರವಾರ ಮಧ್ಯಾಹ್ನ ಪುಟ್ಟಿ ಅಂಗಡಿಗೆ ಫೋನ್ ಮಾಡಿದಳು. "ಅತ್ತಿಗೆ, ಅಣ್ಣ ಏನೇನೋ ಮಾತಾಡ್ತಿದ್ದಾನೆ. ನನ್ನನ್ನ ಅಮ್ಮಾ ಅಂತಿದ್ದಾನೆ."

"ನಿದ್ದೆಗಣ್ಣು ಕಣೇ, ಮಲಗಲಿ ಬಿಡು" ಎಂದೆ. ಎಂದು ಫೋನಿಟ್ಟು ಒಬ್ಬಾಕೆಗೆ ಪರದೆ ಬಟ್ಟೆ ಅಳೆದು ಕತ್ತರಿಸಿದೆ. ಆರು ಪರದೆ. ಹತ್ತು ನಿಮಿಷವಾದರೂ ಆಗಿರಬೇಕು. ಮತ್ತೆ ಫೋನು. "ಎಬ್ಬಿಸಿದರೆ ಏಳ್ತಿಲ್ಲ ಅತ್ತಿಗೆ."

ಓಡಿ ಬಂದೆ. ಕೆನ್ನೆ ಕೆಂಪಗೆ, ಕೈ ಬೆಚ್ಚಗೆ, ಬೆರಳಿನ ಅಂಕಿ ತೊಂಬತ್ತೇಳು. ಮನುಷ್ಯ ಮಾತ್ರ ಇಲ್ಲ. ಕರೆದರೆ ರೆಪ್ಪೆ ನಡುಗುತ್ತದೆ ಅಷ್ಟೆ. ಪುಟ್ಟಿ ಆಂಬುಲೆನ್ಸಿಗೆ ದಾರಿ ಹೇಳಲು ಕೆಳಗಿಳಿದಳು. ಆಗ ನಾನು ತಿರುಪು ತಿರುಗಿಸಿ ಗುಂಡನ್ನು ಒಂದಕ್ಕೆ ತಂದು ನಿಲ್ಲಿಸಿದೆ.

ಅವರ ಪ್ರಾಣ ಹೋಗುತ್ತಿದ್ದ ಹೊತ್ತಿನಲ್ಲಿ ನನ್ನ ಕೈ ಆ ಕೆಲಸ ಮಾಡಿತು. ಇದನ್ನೂ ಬರೆದೇ ಇಡುತ್ತೇನೆ.

ಈಗ ಮೂಗು ಬಾಯಿ ಎರಡನ್ನೂ ಮುಚ್ಚುವ ಬಿಗಿ ಮುಖವಾಡ ಹಾಕಿದ್ದಾರೆ. ಒಂದು ಯಂತ್ರ ಉಸಿರನ್ನು ಒತ್ತಿ ಒಳಗೆ ಕಳಿಸುತ್ತದೆ, ಮತ್ತೆ ಬಿಟ್ಟು ಹೊರಗೆ ಹೋಗಗೊಡುತ್ತದೆ. ನಿನ್ನೆ ಸಂಜೆ ಕಣ್ಣು ಬಿಟ್ಟರು. ನನ್ನನ್ನು ಗುರುತು ಹಿಡಿದರು. ಬದುಕಿದ್ದಾರೆ.

ಫೆಬ್ರವರಿ 18, ಮಂಗಳವಾರ

ಡಾಕ್ಟರಮ್ಮ ಇವತ್ತು ಕೂರಿಸಿಕೊಂಡು ವಿವರಿಸಿದರು. ಗೋಡೆಯ ಮೇಲೆ ಶ್ವಾಸಕೋಶದ ಚಿತ್ರ. ದ್ರಾಕ್ಷಿ ಗೊಂಚಲಿನ ಹಾಗೆ ಗಾಳಿಗೂಡುಗಳು, ಕೋಟಿಗಟ್ಟಲೆ. ಒಂದೊಂದರ ಗೋಡೆಯೂ ಎಷ್ಟು ತೆಳುವೆಂದರೆ, ಈ ಬದಿಯ ಗಾಳಿಗೂ ಆ ಬದಿಯ ರಕ್ತಕ್ಕೂ ನಡುವೆ ಇದ್ದೂ ಇಲ್ಲದಂತೆ. ಆಕ್ಸಿಜನ್ ಆ ಗೋಡೆ ದಾಟಿ ರಕ್ತಕ್ಕೆ ಹೋಗುತ್ತದೆ, ದೇಹ ಉಪಯೋಗಿಸಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಅದೇ ಗೋಡೆ ದಾಟಿ ಹೊರಗೆ ಬರುತ್ತದೆ.

"ಎಲ್ಲ ಗೂಡುಗಳನ್ನೂ ಬಿಡಿಸಿ ಹಾಸಿದರೆ ಎಷ್ಟಾಗುತ್ತೆ ಗೊತ್ತಾ? ಸುಮಾರು ಎಪ್ಪತ್ತು ಚದರ ಮೀಟರ್."

ಮೀಟರ್ ಅಗಲದ ಬಟ್ಟೆ ಎಪ್ಪತ್ತು ಮೀಟರ್. ಒಬ್ಬ ಮನುಷ್ಯನ ಎದೆಯಲ್ಲಿ ಇಷ್ಟನ್ನು ಯಾರು ಮಡಿಚಿಟ್ಟರೋ! ಅಷ್ಟು ನಾಜೂಕಾಗಿ ಮಡಿಚುವವರು ನನ್ನ ಅಂಗಡಿಗೆ ಸಿಕ್ಕಿಲ್ಲ.

"ನಿಮ್ಮೆಜಮಾನರದ್ದು ಹುಳು ತಿಂದ ಬಟ್ಟೆ ಅಮ್ಮ. ಅಲ್ಲಲ್ಲಿ ತೂತು. ಆಕ್ಸಿಜನ್ ಒಳಗೆ ಹೋಗೋದೂ ಕಷ್ಟ, ಕೆಟ್ಟ ಗಾಳಿ ಹೊರಗೆ ಬರೋದು ಇನ್ನೂ ಕಷ್ಟ. ಅವರ ದೇಹ ಕಡಿಮೆ ಆಕ್ಸಿಜನ್‌ಗೆ ಹೊಂದಿಕೊಂಡು ಹೇಗೋ ನಡೆಸ್ಕೊಂಡು ಬಂದಿತ್ತು. ಅಂಥವರಿಗೆ ಒಮ್ಮೆಲೇ ಹೆಚ್ಚು ಕೊಟ್ಟರೆ ಆ ಹೊಂದಾಣಿಕೆ ತಪ್ಪುತ್ತೆ. ಕೆಟ್ಟ ಗಾಳಿ ರಕ್ತದಲ್ಲೇ ತುಂಬಿಕೊಳ್ಳುತ್ತೆ. ಆಗಲೇ ತಲೆನೋವು, ತೂಕಡಿಕೆ, ಕೈ ಪಟಪಟ, ಕೊನೆಗೆ ಎಚ್ಚರವಿಲ್ಲದ ನಿದ್ದೆ."

"ಅಂಕಿ ಚೆನ್ನಾಗೇ ಇತ್ತಲ್ಲ ಡಾಕ್ಟ್ರೇ?"

"ಆ ಕ್ಲಿಪ್ಪು ಬಂದದ್ದನ್ನ ಮಾತ್ರ ನೋಡುತ್ತೆ. ಹೊರಗೆ ಹೋಗದೆ ಉಳಿದದ್ದು ಅದಕ್ಕೆ ಕಾಣಲ್ಲ."

ವ್ಯಾಪಾರದವಳಿಗೆ ಇದು ಅರ್ಥವಾಗದಿರುತ್ತದೆಯೇ? ಸರಕು ಬರುವುದನ್ನೇ ನೋಡಿ ಹಿಗ್ಗಿದೆ. ಗೋದಾಮಿನ ಹಿಂಬಾಗಿಲು ಜಾಮ್ ಆಗಿತ್ತು.

ಆಮೇಲೆ ಡಾಕ್ಟರಮ್ಮ ಪಟ್ಟಿ ಕೈಗೆತ್ತಿಕೊಂಡು ಕೇಳಿದರು. "ಇದರ ಪ್ರಕಾರ ಅಂಕಿ ತೊಂಬತ್ತೊಂದು ದಾಟಿಲ್ಲ, ಅಂದರೆ ಒಂದೇ ಲೀಟರ್. ಆದರೆ ರಕ್ತಪರೀಕ್ಷೆ ಬೇರೆ ಹೇಳ್ತಿದೆ. ಮಷಿನ್ ಯಾರಾದ್ರೂ ಮುಟ್ಟಿದ್ರಾ?"

ಬಾಯಿ ತೆರೆದೆ. ನನಗಿಂತ ಮೊದಲು ಪುಟ್ಟಿ ಮಾತಾಡಿದಳು. "ಶುಕ್ರವಾರ ಬೆಳಿಗ್ಗೆ ನಾನು ಒರೆಸಿದೆ ಡಾಕ್ಟ್ರೇ. ಒರೆಸಿ ನೋಡಿದಾಗ ಗುಂಡು ಮೂರರ ಹತ್ತಿರ ಇತ್ತು. ನನ್ನ ಕೈಯೇ ತಗುಲಿರಬೇಕು. ಮತ್ತೆ ಮುಟ್ಟೋಕೆ ಹೆದರಿ, ಸಂಜೆ ಅತ್ತಿಗೆಗೆ ಹೇಳೋಣ ಅಂತಿದ್ದೆ..." ಅಳುತ್ತಾ ಕೂತಳು.

ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಫೆಬ್ರವರಿ 20, ಗುರುವಾರ

ಮುಖವಾಡವನ್ನು ಹಗಲು ಸ್ವಲ್ಪ ಹೊತ್ತು ತೆಗೆಯುತ್ತಾರೆ. ಡಾಕ್ಟರಮ್ಮ ಇವರನ್ನು "ಹೇಗಿದ್ದೀರಿ?" ಎಂದು ಕೇಳಿದರು. "ನಿನ್ನೆಗಿಂತ ವಾಸಿ, ರಾತ್ರಿ ನಿದ್ದೆ ಬಂತು, ಬಲಗಿವಿ ಹತ್ತಿರ ಮುಖವಾಡದ ಪಟ್ಟಿ ಒತ್ತುತ್ತಂತೆ" ಎಂದೆ ನಾನು.

"ನಿಮ್ಮನ್ನ ಕೇಳಲಿಲ್ಲ ಅಮ್ಮ. ಅವರು ಒಂದು ಉಸಿರಿಗೆ ಎಷ್ಟು ಪದ ಮಾತಾಡ್ತಾರೆ ಅಂತ ನಾನು ಎಣಿಸಬೇಕು. ನೀವೇ ಮಾತಾಡಿದರೆ ನಿಮ್ಮ ಉಸಿರು ಎಣಿಸಬೇಕಾಗುತ್ತೆ. ಅದು ಚೆನ್ನಾಗೇ ಇದೆ."

ಇವರ ಕಣ್ಣಂಚು ನಕ್ಕಿತು. ನನಗೆ ಕುತ್ತಿಗೆಯಿಂದ ಕಿವಿಯವರೆಗೂ ಬಿಸಿ. ಈ ಸಲ ಹಾರ್ಮೋನಿನ ತಪ್ಪಲ್ಲ.

ಹೋಗುವ ಮುಂಚೆ ಡಾಕ್ಟರಮ್ಮ, "ದಿನಾ ನೀವೇ ಎಣಿಸಿ ಇಡಿ. ಎಣಿಸುವಾಗ ಮಧ್ಯೆ ಬಾಯಿ ಹಾಕಬೇಡಿ, ಲೆಕ್ಕ ತಪ್ಪುತ್ತೆ" ಎಂದರು. ಲೆಕ್ಕ ನಮ್ಮ ಕೈಯಲ್ಲಿ ತಪ್ಪುತ್ತದೆಯೇ?

ಇವತ್ತು: ಒಂದು ಉಸಿರಿಗೆ ಎರಡು ಪದ. "ಪುಟ್ಟಿ ಎಲ್ಲಿ... ಕಾಣ್ತಿಲ್ಲ ಇವತ್ತು."

ಫೆಬ್ರವರಿ 22, ಶನಿವಾರ

ಎರಡು ಪದ. ಒಮ್ಮೆ ಮೂರು. "ಊಟ ಮಾಡಿದ್ಯಾ ನೀನು... ಮೊದಲು... ಹೋಗು ಮನೆಗೆ."

ಪುಟ್ಟಿ ಎರಡು ದಿನದಿಂದ ಬಂದಿಲ್ಲ. ಅವಳ ಮನೆಗೆ ಹೋದೆ. ಒಲೆ ಹಚ್ಚಿರಲಿಲ್ಲ. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಮೂವತ್ತೊಂದು ವರ್ಷ ಅತ್ತಿಗೆ, ಆ ಲ್ಯಾಬಲ್ಲಿ ಒಂದೇ ಒಂದು ಸೀಸೆ ನನ್ನ ಕೈಯಿಂದ ಬಿದ್ದಿಲ್ಲ. ಅಣ್ಣನ ವಿಷಯದಲ್ಲಿ ಬಿತ್ತು ನೋಡಿ."

"ಆಗಿದ್ದು ಆಯ್ತು, ಈಗ ಹುಷಾರಾಗ್ತಿದ್ದಾರಲ್ಲ" ಎಂದು ಹೇಳಿ ಬಂದೆ.

ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಸುಳ್ಳಿನ ಬಟ್ಟೆ ಯಾರಿಗೂ ಕತ್ತರಿಸಿ ಕೊಟ್ಟಿರಲಿಲ್ಲ.

ಫೆಬ್ರವರಿ 24, ಸೋಮವಾರ

ಬೆಳಿಗ್ಗೆ ಆರಕ್ಕೇ ಪುಟ್ಟಿಯ ಬಾಗಿಲು ತಟ್ಟಿದೆ. ನಿಂತೇ ಹೇಳಿದೆ. ಕೂತರೆ ಬೇರೆ ಏನಾದರೂ ಮಾತು ಶುರುಮಾಡಿಬಿಡುತ್ತೇನೆ ಎಂದು ನನಗೆ ಗೊತ್ತು.

"ಮೂರಕ್ಕೆ ತಿರುಗಿಸಿದ್ದು ನಾನು. ಮಂಗಳವಾರವೇ ತಿರುಗಿಸಿದ್ದೆ. ಆಂಬುಲೆನ್ಸ್ ಬರೋಕೆ ಮುಂಚೆ ಒಂದಕ್ಕೆ ಇಳಿಸಿದ್ದೂ ನಾನೇ. ನಿನ್ನ ಕೈ ತಗುಲಲಿಲ್ಲ."

ಬೈಯಲಿ ಎಂದು ಕಾದೆ. ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಆರು ದಿನ ಅತ್ತಿಗೆ" ಎಂದಳು.

"ಹೂಂ."

"ಆರು ದಿನ ನಾನು ಚಮಚ ಹಿಡಿಯೋಕೂ ಹೆದರಿದೆ."

ಅವಳೇ ಒಳಗೆ ಹೋಗಿ ಒಲೆ ಹಚ್ಚಿದಳು. ಎರಡು ಲೋಟ ಇಟ್ಟಳೋ ಒಂದೋ ಎಂದು ಬಾಗಿಲಲ್ಲೇ ನಿಂತು ನೋಡಿದೆ. ಸ್ವಲ್ಪ ಯೋಚಿಸಿ, ಎರಡನೆಯದನ್ನು ಇಟ್ಟಳು.

ಫೆಬ್ರವರಿ 25, ಮಂಗಳವಾರ

ಡಾಕ್ಟರಮ್ಮನಿಗೂ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಸರಿಯಾಗಿ ವಿವರಿಸಬೇಕಿತ್ತು. ಎಷ್ಟು ಅಂತ ಹೇಳಿದೆ, ಯಾಕೆ ಅಂತ ಹೇಳಲಿಲ್ಲ" ಎಂದರು. ಆಮೇಲೆ, "ಪಟ್ಟಿಯಲ್ಲಿ ಸುಳ್ಳು ಬರೆದದ್ದಕ್ಕೆ ಮಾತ್ರ ನಿಮ್ಮನ್ನ ಬೈಯಬೇಕು. ಮುಖವಾಡ ಬರೋದು ಒಂದು ಗಂಟೆ ತಡವಾಗಿದ್ದರೆ ನಾವಿಬ್ಬರೂ ಹೀಗೆ ಕೂತು ಮಾತಾಡ್ತಿರಲಿಲ್ಲ" ಎಂದರು. ಬೈದದ್ದು ಅಷ್ಟೇ. ಕಡಿಮೆಯೇನಲ್ಲ.

ಕೊನೆಗೆ ಇವರ ಮಂಚದ ಪಕ್ಕ ಕೂತೆ. ಹೇಳಿ ಮುಗಿಸಿದೆ.

"ಗೊತ್ತಿತ್ತು" ಎಂದರು.

"ಏನು ಗೊತ್ತಿತ್ತು?"

"ನೋಡಿದ್ದೆ."

"ಕಣ್ಣು ಮುಚ್ಚಿದ್ರಲ್ಲ?"

"ಅರ್ಧ."

"ಮತ್ತೆ ಹೇಳಬಾರದಿತ್ತೇನ್ರೀ? ಬೇಡ ಅನ್ನೋಕೆ ಎಷ್ಟು ಉಸಿರು ಬೇಕು?"

ಉಸಿರು ತೆಗೆದುಕೊಂಡರು. ಬಿಟ್ಟರು. ಇನ್ನೊಮ್ಮೆ ತೆಗೆದುಕೊಂಡರು. ನಾನು ಬೆರಳು ಮಡಿಚಿ ಎಣಿಸುತ್ತಿದ್ದೆ.

"ತಿರುಗಿಸುವಾಗ ನೀನು... ಹಾಡಿಕೊಳ್ತಿದ್ದೆ. ಈ ಕಾಯಿಲೆ ಬಂದಾಗಿಂದ... ನಿಲ್ಲಿಸಿಬಿಟ್ಟಿದ್ದೆಯಲ್ಲ... ಮುಗೀಲಿ ಅಂತ... ಸುಮ್ಮನಿದ್ದೆ."

ಎರಡು ಪದ, ಒಂದು, ಮೂರು, ಒಂದು, ಎರಡು, ಒಂದು. ನಾನು ಹಾಡಿಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮಾರ್ಚ್ 1, ಶನಿವಾರ

ಮನೆಗೆ ಬಂದೆವು. ಮಷಿನ್ನಿನ ತಿರುಪಿನ ಮೇಲೆ ಪುಟ್ಟಿ ಅಂಟುಪಟ್ಟಿ ಸುತ್ತಿದ್ದಾಳೆ. ಅದರ ಮೇಲೆ "1" ಎಂದು ದಪ್ಪಗೆ ಬರೆದಿದ್ದಾಳೆ, ಕೆಳಗೆ ಸಣ್ಣದಾಗಿ "ಅತ್ತಿಗೆ ಓದಿಕೊಳ್ಳುವುದು". ಅಂದರೆ ಮಾತು ಬಿಟ್ಟಿಲ್ಲ.

ಬಿಳಿ ಮಾತ್ರೆ ಇಳಿಸಬೇಕು. ಈ ವಾರ ನಾಲ್ಕು, ಮುಂದಿನ ವಾರ ಮೂರು, ಆಮೇಲೆ ಎರಡು, ಒಂದು, ಅರ್ಧ. ಸಿಟ್ಟಿನ ಮಾತ್ರೆಯನ್ನು ಇವತ್ತೇ ಬಿಸಾಡೋಣ ಎಂದರು ಇವರು. ನಾನು ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದೆ. "ಒಮ್ಮೆಲೇ ನಿಲ್ಲಿಸಲೇಬೇಡಿ! ಹೊರಗಿನಿಂದ ಇಷ್ಟು ದಿನ ಬರ್ತಿತ್ತಲ್ಲ, ಅಂತ ಒಳಗಿನ ಗ್ರಂಥಿ ಕೆಲಸ ಬಿಟ್ಟು ಮಲಗಿರುತ್ತೆ. ಅದನ್ನ ಮೆಲ್ಲಗೆ ಎಬ್ಬಿಸಬೇಕು. ದಡಕ್ಕನೆ ಎಬ್ಬಿಸಿದರೆ ಏಳಲ್ಲ, ಮನುಷ್ಯ ಬೀಳ್ತಾನೆ."

ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಚಾಕುವಿನಿಂದ ಮಾತ್ರೆ ಅರ್ಧ ಮಾಡುವ ಅಭ್ಯಾಸ ಈಗಲೇ ಶುರುಮಾಡಿದ್ದೇನೆ. ಒಂದು ಚೂರು ದೊಡ್ಡದು, ಒಂದು ಚಿಕ್ಕದು ಆಗುತ್ತಿದೆ. ಕತ್ತರಿ ಹಿಡಿದ ಕೈಗೆ ಚಾಕು ಬಗ್ಗುತ್ತಿಲ್ಲ.

ಇವತ್ತು ನಾಲ್ಕು ಪದ: "ನಮ್ಮ ಮನೆಯ ವಾಸನೆ ಚೆನ್ನಾಗಿದೆ."

ಮಾರ್ಚ್ 5, ಬುಧವಾರ

ಐದು ಪದ! "ಆ ಫ್ಯಾನು ನಿನ್ನ ಕಡೆ ತಿರುಗಿಸ್ಕೋ." ಬೇಡ ಎಂದೆ. ಹಟ ಹಿಡಿದು ತಾವೇ ಕೈ ಚಾಚಿ ತಿರುಗಿಸಿದರು. ಐದು ಪದ ಮತ್ತು ಒಂದು ಫ್ಯಾನು.

ಮಾರ್ಚ್ 9, ಭಾನುವಾರ

ಅಂಗಡಿಗೆ ರಜೆ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಇವರು ತಾವಾಗಿಯೇ ಒಂದು ವಿಷಯ ಹೇಳಿದರು.

ನಮ್ಮ ಮದುವೆಗೂ ಮುಂಚಿನ ಮಾತು. ವಯಸ್ಸಾದ ಒಬ್ಬಾಕೆ ಹಳೇ ಹಾಸಿಗೆಯೊಂದನ್ನು ಹೊಸದಾಗಿ ಹಿಂಜಿ ತುಂಬಲು ತಂದುಕೊಟ್ಟರಂತೆ. ಬಿಚ್ಚಿ ಹತ್ತಿ ಹೊರಗೆ ಎಳೆದಾಗ ಒಳಗೊಂದು ಪುಟ್ಟ ಕಾಲುಚೀಲ. ಒಂದೇ. ಮಗುವಿನದು, ಹಳದಿ, ಬೆರಳಿನಷ್ಟು ಉದ್ದ. ಬಿದ್ದಿರಬೇಕು ಎಂದು ತೆಗೆದಿಟ್ಟು, ಆಕೆ ಬಂದಾಗ ಕೊಟ್ಟರು. ಆಕೆ ಅದನ್ನು ತೆಗೆದುಕೊಳ್ಳಲಿಲ್ಲ. "ಎಲ್ಲಿತ್ತೋ ಅಲ್ಲೇ ಇಡಪ್ಪ. ಎಡಗಡೆ, ಭುಜದ ಕೆಳಗೆ ಬರೋ ಹಾಗೆ" ಎಂದರಂತೆ. ಯಾಕೆಂದು ಇವರು ಕೇಳಲಿಲ್ಲ. ಎಡಗಡೆ ಹತ್ತಿ ಗಂಟಾಗದಂತೆ, ಒತ್ತದಂತೆ, ಕೈಯಲ್ಲೇ ಎಳೆ ಎಳೆಯಾಗಿ ಬಿಡಿಸಿ ತುಂಬಿದರು. ಒಂದು ಹಾಸಿಗೆಗೆ ಮೂರು ದಿನ ಹಿಡಿಯಿತಂತೆ. ಆಕೆ ಅಂಗಡಿಯಲ್ಲೇ ನೆಲದ ಮೇಲೆ ಅದನ್ನು ಹಾಸಿ, ಚಪ್ಪಲಿ ಬಿಟ್ಟು, ಮಲಗಿ ನೋಡಿದರು. ಎದ್ದು ಇವರ ತಲೆ ಸವರಿ ಹೋದರು.

"ಇಪ್ಪತ್ತೆಂಟು ವರ್ಷ ಆಯ್ತು, ಒಂದು ಸಲವೂ ಹೇಳಲಿಲ್ಲವಲ್ಲ?" ಎಂದೆ.

"ಒಂದ್ಸಲ ಶುರು ಮಾಡಿದ್ದೆ. ಹಾಸಿಗೆಯೊಳಗೆ ಕಾಲುಚೀಲ ಸಿಕ್ತು ಅಂದೆ. ನೀನು... 'ಒಂದು ಸಿಕ್ಕಿದ್ರೆ ಇನ್ನೊಂದೂ ಅಲ್ಲೇ ಇರುತ್ತೆ, ಸರಿಯಾಗಿ ಹುಡುಕಿ' ಅಂತ... ಎದ್ದು ಹೋದೆ."

ನಾವಿಬ್ಬರೂ ನಕ್ಕೆವು. ಕೆಮ್ಮು ಬಂತು, ಹೋಯಿತು. ಕೂತಾಗ ಬಿಸಿಲು ಮಂಚದ ಕಾಲಿನ ಹತ್ತಿರ ಇತ್ತು, ಎದ್ದಾಗ ಗೋಡೆ ಹತ್ತಿ ಹೋಗಿತ್ತು. ಪದ ಎಣಿಸಲು ಮರೆತೆ.

ಮಾರ್ಚ್ 15, ಶನಿವಾರ

ಮಾತ್ರೆ ಎರಡಕ್ಕೆ ಇಳಿದಿದೆ. ಮುಖದ ಊತ ಇಳಿಯುತ್ತಿದೆ, ಮೂಗು ಮತ್ತೆ ಮೂಗಿನ ಹಾಗೆ ಕಾಣುತ್ತಿದೆ. ಪುಟ್ಟಿ ಇವರಿಗೆ ಉಸಿರಿನ ವ್ಯಾಯಾಮ ಮಾಡಿಸುತ್ತಾಳೆ: ಮೂಗಿನಿಂದ ಒಳಗೆ, ದೀಪ ಆರದ ಹಾಗೆ ತುಟಿಯಿಂದ ಮೆಲ್ಲಗೆ ಹೊರಗೆ. ಒಳಗೆ ಎರಡು ಎಣಿಕೆ, ಹೊರಗೆ ನಾಲ್ಕು. ಹೊರಗೆ ಕಳಿಸುವುದಕ್ಕೇ ಹೆಚ್ಚು ಹೊತ್ತು ಕೊಡಬೇಕಂತೆ.

ಅಂಗಡಿಯಲ್ಲಿ ಇವತ್ತು ಹೊಸಬಳೊಬ್ಬಳು ತಾಯಿಯ ಸೀರೆ ಕತ್ತರಿಸಿ ಕುಪ್ಪಸ ಹೊಲಿಸಬೇಕು, ಒಳಗಿನ ಅಸ್ತರಿಗೆ ಬಟ್ಟೆ ಕೊಡಿ ಎಂದಳು. ತಾಯಿಯ ಬಗ್ಗೆ ಹೇಳುತ್ತಾ ನಿಂತಳು, ಅರ್ಧ ಗಂಟೆ. ಹಿಂದೆ ಮೂರು ಜನ ಕಾಯುತ್ತಿದ್ದರು. ಕಾಯಲಿ ಎನಿಸಿತು. ಏನೋ, ಇತ್ತೀಚೆಗೆ ಗಿರಾಕಿಗಳೇ ಬಹಳ ಮಾತಾಡುತ್ತಿದ್ದಾರೆ.

ಮಾರ್ಚ್ 21, ಶುಕ್ರವಾರ

ಡಾಕ್ಟರಮ್ಮನ ಹತ್ತಿರ ತಪಾಸಣೆ. ಅಂಕಿ ತೊಂಬತ್ತು. ತೊಂಬತ್ತೆಂದರೆ ತೊಂಬತ್ತು, ಚೆನ್ನಾಗಿದೆ.

ಎಲ್ಲ ನೋಡಿದ ಮೇಲೆ ಅವರು ಕುರ್ಚಿಯನ್ನು ಇವರ ಎದುರಿಗೆ ಎಳೆದುಕೊಂಡರು. "ಒಂದು ಕಷ್ಟದ ಪ್ರಶ್ನೆ ಕೇಳಬೇಕು. ನೀವು ಚೆನ್ನಾಗಿರುವಾಗಲೇ ಕೇಳೋದು ಒಳ್ಳೆಯದು. ಈ ಎದೆ ಪೂರ್ತಿ ವಾಸಿಯಾಗಲ್ಲ, ನಿಮಗೂ ಗೊತ್ತು. ಮತ್ತೆ ಹೀಗಾದರೆ ಮುಖವಾಡ ಹಾಕ್ತೀವಿ. ಅದರಿಂದಲೂ ಆಗದಿದ್ದರೆ ಗಂಟಲೊಳಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸಬಹುದು. ಆದರೆ ಇಂಥ ಎದೆಗೆ ಒಮ್ಮೆ ಇಳಿಸಿದ ಕೊಳವೆ ತೆಗೆಯೋದು ಕಷ್ಟ ಆಗಬಹುದು. ನಿಮಗೆ ಏನು ಬೇಕು?"

ಇವರು ತುಟಿಯಿಂದ ಮೆಲ್ಲಗೆ ಉಸಿರು ಬಿಟ್ಟರು.

"ಮುಖವಾಡ ಹಾಕಿ. ಕೊಳವೆ... ನನಗೆ ಬೇಡ."

ಡಾಕ್ಟರಮ್ಮ ತಲೆದೂಗಿ ಬರೆಯಲು ಬಗ್ಗಿದರು. ಇವರು ಕೈ ಎತ್ತಿ ತಡೆದರು. ಇನ್ನೂ ಇತ್ತು.

"ನನಗೆ ಬೇಡ. ಆದರೆ ಹಾಕಿ... ಎರಡು ದಿನದ ಮಟ್ಟಿಗೆ. ಅದು... ಇವಳಿಗೆ."

"ಇವರಿಗಾ?"

"ಮೊದಲನೇ ದಿನ ಇವಳು... ಒಪ್ಪಲ್ಲ. ನಿಮ್ಮ ಜೊತೆ ಜಗಳ ಆಡ್ತಾಳೆ. ಎರಡನೇ ದಿನ... ಅಳ್ತಾಳೆ. ಆಮೇಲೆ... ತೆಗೆದುಬಿಡಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೀವೇನಂತೀರಮ್ಮ?"

ಅವರು ಹೇಳಿದ್ದು ನನಗೆ ಕೇಳಿಸಿತು ಎಂದೆ. ಅವರು ಹೇಳಿದ ಹಾಗೇ ಬರೆಯಿರಿ ಎಂದೆ. ಡಾಕ್ಟರಮ್ಮ ಬರೆದರು, ಇವರು ರುಜು ಹಾಕಿದರು, ಅದರ ಕೆಳಗೆ ನಾನೂ ಹಾಕಿದೆ.

ಲಿಫ್ಟಿನ ಮುಂದೆ ಸಾಲಿತ್ತು. ಇಳಿಯುವುದಲ್ಲವೇ, ಮೆಟ್ಟಿಲಲ್ಲೇ ಹೋಗೋಣ ಎಂದರು ಇವರು. ಒಂದು ಕೈಲಿ ಮೆಟ್ಟಿಲ ಕಂಬಿ, ಒಂದು ಕೈಲಿ ನನ್ನ ಭುಜ. ಅರ್ಧ ಇಳಿದು ತಿರುವಿನಲ್ಲಿ ನಿಂತರು. ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಇಳಿಯುವವರು, ಹತ್ತುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

"ರೀ," ಎಂದೆ, "ನಾನು ಮೊದಲನೇ ದಿನವೇ ಅತ್ತುಬಿಟ್ಟರೆ?"

ಉಸಿರು ತೆಗೆದುಕೊಂಡರು. ಬಿಟ್ಟರು. ಕೆಳಗಿನಿಂದ ಯಾರೋ ಯಾರನ್ನೋ ಕೂಗಿದರು, ಮೇಲಿನಿಂದ ಓಗೊಟ್ಟರು. ಇನ್ನೊಂದು ಉಸಿರು. ಇನ್ನೊಂದು.

"ಹಾಗಾದ್ರೆ... ಎರಡನೇ ದಿನ... ಪಕ್ಕದಲ್ಲಿ ಸುಮ್ನೆ ಕೂತ್ಕೋ."

ನಾನು ಆಗಲೇ ಕೂತಿದ್ದೆ.